ಬಕ್ಕಪ್ಪನ ತೊಟ್ಟಿಯಲ್ಲಿ ಆರು ದೇವರು

ಮಚ್ಛೇಂದ್ರನಿಗೆ ಗೋಡೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಬೆರಳು ಮಡಚಿ ಟಕ್ ಟಕ್ ಎಂದು ಬಡಿಯುವುದು, ಕಿವಿಗೊಟ್ಟು ಕೇಳುವುದು, ಆಮೇಲೆ ಮುಖ ಹುಳ್ಳಗೆ ಮಾಡುವುದು. ಮದುವೆಗೆ ಕರೆದರೆ ವಧೂವರರಿಗಿಂತ ಮೊದಲು ಮಂಟಪದ ಕಂಬ ನೋಡುತ್ತಿದ್ದ. ಸಾವಿನ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರೆ ಇವನೊಬ್ಬ ತಲೆಯೆತ್ತಿ, ಛತ್ತಿನ ಬಿರುಕು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದೆ ಎಂದು ಹುಡುಕುತ್ತಿದ್ದ. ಬೀದರಿನ ಗಾಂಧಿ ಗಂಜಿನ ಪೇಟೆಯಲ್ಲಿ ಹೊಸದಾಗಿ ಅಂಗಡಿ ಕಟ್ಟಿಸಿದ ಅಡತಿ ವ್ಯಾಪಾರಿಗಳು ಇವನ ಸೈಕಲ್ಲು ಬರುವುದನ್ನು ಕಂಡರೆ ಶಟರ್ ಎಳೆಯುತ್ತಿದ್ದರು ಎಂದು ಜನ ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಅರ್ಧ ಎಳೆಯುತ್ತಿದ್ದರು, ಅಷ್ಟೇ.

ಅವನೇನೂ ಇಂಜಿನಿಯರ್ ಅಲ್ಲ. ಹೆದ್ದಾರಿಗೆ, ಸೇತುವೆಗೆ ಹಾಕುವ ಸಿಮೆಂಟು, ಉಸುಕು, ಖಡಿಕಲ್ಲು ನೆಟ್ಟಗಿವೆಯೋ ಇಲ್ಲವೋ ಎಂದು ನೋಡಲು ಸರ್ಕಾರ ಕೊಳಾರದ ಕಾರ್ಖಾನೆಗಳಿಗೆ ಹೋಗುವ ದಾರಿಯಲ್ಲಿ ಒಂದು ಪರೀಕ್ಷಾ ಕೋಣೆ ಇಟ್ಟಿತ್ತು. ಅಲ್ಲಿ ಇವನು ಸಹಾಯಕ. ಅಪ್ಪ ಇದೇ ಗಂಜಿನಲ್ಲಿ ತೊಗರಿ ಚೀಲ ಹೊತ್ತ ಹಮಾಲ. ಮಗನನ್ನು ಬಾಬಾಸಾಹೇಬರ ಫೋಟೋದ ಕೆಳಗೆ ಕೂರಿಸಿ ಓದಿಸಿದ್ದ. "ಕಣ್ಣಿಗಿ ಕಂಡಿದ್ದು ನಂಬು, ಕೈಗಿ ಸಿಕ್ಕಿದ್ದು ನಂಬು. ಬಾಕಿದ್ದು ಬಿಡು" ಎಂದು ದಿನಾ ಹೇಳುತ್ತಿದ್ದ. ಮಗ ಆ ಮಾತನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಮುಂದೆ ಅವನನ್ನು ಕಟ್ಟಿಕೊಂಡ ಕೌಸಲ್ಯಾಬಾಯಿಗೆ ಜೀವನವೇ ಸಾಕುಸಾಕಾಗಿತ್ತು.

ಭಾಲ್ಕಿಯ ಕಥೆಯನ್ನೇ ತೆಗೆದುಕೊಳ್ಳಿ. ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ ಅದು. ನಮ್ಮ ಕಡೆಗೂ ರೈಲು ಬಿಟ್ಟಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಮಚ್ಛೇಂದ್ರ ಮಗಳ ಸಂಬಂಧದ ಮಾತುಕತೆಗೆಂದು ಹೆಂಡತಿಯೊಡನೆ ಭಾಲ್ಕಿಗೆ ಹೋದ. ಹುಡುಗನ ತಂದೆ ವೈಜಿನಾಥ, ನಿವೃತ್ತ ಮಾಸ್ತರು. ಹಳೆ ಮನೆಗೆ ಎರಡು ಕೋಣೆ ಸೇರಿಸಿ ಕಟ್ಟಿಸುತ್ತಿದ್ದರು. ಅವರ ಹೆಂಡತಿ ಕೇಶರಬಾಯಿ ಒಂದು ದೊಡ್ಡ ಗಾಜಿನ ಲೋಟದ ತುಂಬ ನೀರು ತಂದುಕೊಟ್ಟರು. ಆ ವರ್ಷ ಭಾಲ್ಕಿಯಲ್ಲಿ ಬೀಗರಿಗೆ ತುಂಬಿದ ಲೋಟ ಕೊಡುವುದೆಂದರೆ ಸಣ್ಣ ಮರ್ಯಾದೆಯಲ್ಲ. ಮಚ್ಛೇಂದ್ರ ಲೋಟ ಹಿಡಿದು ಹೊರಗೆ ಹೋದ, ಅಂಗಳದ ರಾಶಿಯಿಂದ ಒಂದು ಮುಷ್ಟಿ ಉಸುಕು ತೆಗೆದು ಅದರಲ್ಲಿ ಹಾಕಿದ, ಗಲಗಲ ಅಲುಗಾಡಿಸಿ ಕಟ್ಟೆಯ ಮೇಲಿಟ್ಟು ಅದರೆದುರು ಕುಕ್ಕರುಗಾಲಲ್ಲಿ ಕೂತ.

"ಇದೇನ್ರಿ ಬೀಗರ?" ಎಂದರು ಮಾಸ್ತರು.

"ಒಂದ್ ತಾಸು ತಡೀರಿ. ಮಣ್ಣು ಕುಂದರಲಿ."

ಒಂದು ತಾಸು ಎಲ್ಲರೂ ಲೋಟವನ್ನೇ ನೋಡುತ್ತ ಕೂತರು. ಹುಡುಗ ಬಂದು ನಮಸ್ಕಾರ ಮಾಡಿ ನಿಂತ, ಯಾರೂ ನೋಡಲಿಲ್ಲವೆಂದು ಒಳಗೆ ಹೋದ. ಕೊನೆಗೆ ಲೋಟದಲ್ಲಿ ಉಸುಕಿನ ಮೇಲೆ ಬೆರಳು ದಪ್ಪ ಕೆಸರಿನ ಪದರ ಕೂತಿತು. "ಮಾಸ್ತರ್ರ, ನಿಮ್ಮ ಉಸುಕಿನ್ಯಾಗ ಮಣ್ಣು ಭಾಳ ಅದ. ನನ್ನ ಮಗಳು ಈ ಛತ್ತಿನ ಕೆಳಗ ಮಲಗಬೇಕು" ಎಂದ ಮಚ್ಛೇಂದ್ರ. ಕೇಶರಬಾಯಿಗೆ ಕಣ್ಣಲ್ಲಿ ನೀರು ಬಂತು. ಉಸುಕಿಗಲ್ಲ, ಲೋಟದ ನೀರಿಗೆ.

ಬಸ್ಸಿನಲ್ಲಿ ವಾಪಸು ಬರುವಾಗ ಕೌಸಲ್ಯಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಹುಮನಾಬಾದ ರಸ್ತೆಯ ಹತ್ತಿರ ಬಾಯಿಬಿಟ್ಟಳು. "ಮಂದಿ ಹೋಗಿ ಹುಡುಗನ್ನ ನೋಡ್ತಾರ. ನೀವು ಉಸುಕು ನೋಡಿ ಬಂದ್ರಿ. ನಿಮಗ ಹುಡುಗನ ಮಾರಿ ನೆನಪದ ಏನ್ರಿ?"

ನೆನಪಿರಲಿಲ್ಲ. ಆದರೆ ಮಾಸ್ತರು ವಾರದಲ್ಲಿ ಆ ಉಸುಕನ್ನೆಲ್ಲ ಎತ್ತಿಸಿ ಬೇರೆ ತರಿಸಿದರು, ಫೋನು ಮಾಡಿ ಒಪ್ಪಿಗೆಯನ್ನೂ ಹೇಳಿದರು. "ಇಂಥ ಬೀಗರು ಎಲ್ಲೂ ಸಿಗಲ್ಲ. ಸಿಗಲೂಬಾರದು" ಎಂದರಂತೆ.

ಇನ್ನು ಅವನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸೇತುವೆಗೆ ಕಾಂಕ್ರೀಟು ಸುರಿಯುವಾಗ ಅದೇ ಕಲಸಿದ ಮಾಲಿನಿಂದ ಒಂದಿಷ್ಟು ತೆಗೆದು, ಕಬ್ಬಿಣದ ಅಚ್ಚಿಗೆ ತುಂಬಿ, ಗೇಣಿಗಿಂತ ಚಿಕ್ಕದಾದ ಚೌಕ ಕಲ್ಲುಗಳನ್ನು ಮಾಡುತ್ತಾರೆ. ಕ್ಯೂಬು ಎಂದು ಹೆಸರು. ಅವನ್ನು ಇಪ್ಪತ್ತೆಂಟು ದಿನ ಕುಡಿಯುವಂಥ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಪರೀಕ್ಷಾ ಕೋಣೆಯ ಯಂತ್ರದಲ್ಲಿಟ್ಟು ಒತ್ತಬೇಕು. ಎಷ್ಟು ಭಾರಕ್ಕೆ ಕ್ಯೂಬು ಒಡೆಯಿತೋ ಸೇತುವೆಯ ತಾಕತ್ತೂ ಅಷ್ಟೇ. ನಡುವೆ ನೀರು ಇಳಿದು ಕಲ್ಲು ಒಣಗಿತೆಂದರೆ ಮುಗಿಯಿತು. "ನಿಮ್ಮ ನೀರಿನ ತಪ್ಪು, ನಮ್ಮ ಮಾಲಿನದಲ್ಲ" ಎಂದು ಗುತ್ತೇದಾರ ಕೈ ತೊಳೆದುಕೊಳ್ಳುತ್ತಾನೆ. ನೀರೇ ಇಲ್ಲದ ಆ ವರ್ಷ ಕೈ ತೊಳೆದುಕೊಳ್ಳಲು ಬರುತ್ತಿದ್ದದ್ದು ಗುತ್ತೇದಾರರಿಗೆ ಮಾತ್ರ.

ಆ ಬೇಸಿಗೆಯಲ್ಲಿ ಕೊಳಾರದ ಆ ಓಣಿಗೆಲ್ಲ ತುಂಬಿದ ತೊಟ್ಟಿ ಇದ್ದದ್ದು ಪರೀಕ್ಷಾ ಕೋಣೆಯಲ್ಲೊಂದೇ. ಹಿಂದಿನ ಓಣಿಯ ವಹೀದಾ ಒಂದು ದಿನ ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೊಡ ಹಿಡಿದು ಬಾಗಿಲಿಗೆ ಬಂದಳು. "ಮಚ್ಛೇಂದ್ರ ಭಾಯ್, ಕಲ್ಲಿಗಿ ಕುಡಸ್ತೀರಿ, ಕೂಸಿಗಿ ಇಲ್ಲಂತೀರಿ?" ಎಂದು ಕೇಳಿದಳು. ಇದಕ್ಕೆ ಯಾವ ಸರ್ಕಾರಿ ಆದೇಶದಲ್ಲೂ ಉತ್ತರವಿಲ್ಲ. ಮಚ್ಛೇಂದ್ರ ಒಂದು ಕೊಡ ಕೊಟ್ಟ. ಅವಳ ಹಿಂದೆ ಓಣಿಗೆ ಓಣಿಯೇ ಬಂತು. ಸಂಜೆ ಹೊತ್ತಿಗೆ ಕ್ಯೂಬುಗಳ ತಲೆ ಹೊರಗೆ ಬಂದಿತ್ತು. ಗುತ್ತೇದಾರನ ಕಡೆಯವರು ಬಂದು ಫೋಟೋ ಹೊಡೆದುಕೊಂಡರು, ಪರೀಕ್ಷೆ ರದ್ದಾಯಿತು, ಆ ಕ್ಯೂಬುಗಳು ಬಂದಿದ್ದ ಕಮಠಾಣದ ಕಡೆಯ ರಸ್ತೆಮೋರಿ ಹಾಗೇ ಪಾಸಾಗಿಹೋಯಿತು.

ಅಧಿಕಾರಿ ಅನುಸೂಯಾ ಮೇಡಂ ಅವನನ್ನು ಕರೆಸಿದರು. ಬೈಯುತ್ತಾರೆಂದು ಹೋದವನಿಗೆ ಕುರ್ಚಿ ತೋರಿಸಿದರು. ಇದು ಬೈಗುಳಕ್ಕಿಂತ ಕಷ್ಟದ್ದು.

"ನೀರು ಕೊಟ್ಟಿದ್ದು ತಪ್ಪಂತ ನಾ ಅನ್ನಲ್ರಿ. ನಾ ಇದ್ರೂ ಕೊಡ್ತಿದ್ದೆ. ಆದ್ರ ಆ ಮೋರಿ ಮ್ಯಾಲ ನಾಳಿಂದ ಬಸ್ಸು ಹೋಗ್ತಾವ. ಅದು ಗಟ್ಟಿ ಅದನೋ ಇಲ್ಲೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಔರಾದ ಕಡೀ ಬೋರವಾಡಿ ಪೂಲಿಂದು ಹಿಂಗ ಆಗಬಾರದು. ಅವನೇ ಗುತ್ತೇದಾರ ಇದ್ದಾನ."

"ಆಗಲ್ರಿ ಮೇಡಂ" ಎಂದ ಮಚ್ಛೇಂದ್ರ. ಬಾಯಿಂದ ಬಂದ ಮೇಲೆ ಅವನಿಗೇ ಹೆದರಿಕೆಯಾಯಿತು.

ಬೋರವಾಡಿ ಔರಾದ ರಸ್ತೆಯಿಂದ ಸ್ವಲ್ಪ ಒಳಗಿನ ಹಳ್ಳಿ. ಊರಿಗೂ ರಸ್ತೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಹಳ್ಳ ಬಂದರೆ ಊರು ಅತ್ತ, ಬಸ್ಸು ಇತ್ತ. ಅದಕ್ಕೇ ಪೂಲು, ಅಂದರೆ ಸೇತುವೆ, ಬೇಕೆಂದು ಊರವರು ಕೇಳುತ್ತ ಬಂದಿದ್ದರು. ಪೂಲು ಬರುವ ಹೊತ್ತಿಗೆ ಹಳ್ಳದಲ್ಲಿ ನೀರಿಲ್ಲ, ಊರಲ್ಲಿ ಜನರಿಲ್ಲ. ಅರ್ಧಕ್ಕರ್ಧ ಮನೆಗಳ ಬಾಗಿಲಿಗೆ ಮುಳ್ಳುಕಂಟಿ ಒತ್ತಿ, ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋಗಿದ್ದರು. ಅಲ್ಲಿ ಯಾರದೋ ಮನೆಗೆ ಕಾಂಕ್ರೀಟು ಹೊರುತ್ತಿದ್ದರು. ಇಲ್ಲಿ ಅವರ ಪೂಲಿಗೆ ಬೇರೆ ಯಾರೋ ಹೊರುತ್ತಿದ್ದರು.

ಪೂಲಿನ ಕಾಂಕ್ರೀಟು ಚಪ್ಪಡಿ ಹಾಕಿದ ದಿನ ಮಚ್ಛೇಂದ್ರ ಆರು ಕ್ಯೂಬು ತುಂಬಿ, ತನ್ನ ಲೋಟ ತೆಗೆದು ಉಸುಕು ನೋಡಿದ. ಮಣ್ಣಿನ ಪದರ ಭಾಲ್ಕಿಯದಕ್ಕಿಂತ ದಪ್ಪವಿತ್ತು. ಗುತ್ತೇದಾರನ ಮೇಲ್ವಿಚಾರಕ ಮನೋಹರ ಕಪ್ಪು ಕನ್ನಡಕದೊಳಗಿಂದ ನಕ್ಕ. "ಲೋಟದಾಗ ನೋಡಿದ್ದು ನಿಮ್ಮ ಸಮಾಧಾನಕ್ಕ. ಕ್ಯೂಬು ಒಡದು ಬಂದ ಮ್ಯಾಲ ಮಾತಾಡ್ರಿ ಸಾಹೇಬ್ರ. ಬೇಕಾದ್ರ ನಮ್ಮ ಕ್ಯಾಂಪಿನ್ಯಾಗೇ ಇಡ್ರಿ, ನಾ ನೋಡ್ಕೋತೇನಿ."

ಕ್ಯಾಂಪಿನಲ್ಲಿ ಇಟ್ಟಾಗಲೂ ಆರು, ತೆಗೆಯುವಾಗಲೂ ಆರು ಇರುತ್ತವೆ, ಅದರಲ್ಲಿ ಸಂಶಯವಿಲ್ಲ. ಅವೇ ಆರೋ ಎಂದು ಮಾತ್ರ ಹೇಳಲಾಗದು. ಬೀದರಿನ ತೊಟ್ಟಿಯೋ, ತಳ ಕಂಡಿತ್ತು. ಮಚ್ಛೇಂದ್ರ ಊರೊಳಗೆ ಹೋಗಿ ಸುತ್ತಿದ. ಕುರಿ ಸಾಕುವ ಬಕ್ಕಪ್ಪನ ಅಂಗಳದಲ್ಲಿ ಕುರಿಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿಯೊಂದಿತ್ತು. ಕುರಿ ಮಾರಿಯಾಗಿತ್ತು, ಗಂಡುಮಕ್ಕಳಿಬ್ಬರೂ ಹೈದರಾಬಾದಿಗೆ ಹೋಗಿದ್ದರು, ತೊಟ್ಟಿಯಲ್ಲಿ ಒಂದು ಕೋಳಿ ಮೊಟ್ಟೆಯಿಟ್ಟು ಕೂತಿತ್ತು.

"ಕಾಕಾ, ಈ ಟಾಕಿ ನನಗ ಒಂದ್ ತಿಂಗಳು ಬೇಕು. ನೀರು ಗುತ್ತೇದಾರನ ಟ್ಯಾಂಕರಿನಿಂದ ಬರ್ತದ."

"ತೊಗೋರಿ ಸಾಹೇಬ್ರ. ಕೋಳಿಗಿ ಒಂದ್ ಮಾತು ಕೇಳ್ರಿ" ಎಂದ ಬಕ್ಕಪ್ಪ.

ಇಲ್ಲಿಂದ ಮುಂದೆ ನಡೆದದ್ದಕ್ಕೆ ಮಚ್ಛೇಂದ್ರನ ಶಿಸ್ತೇ ಕಾರಣ. ಅವನು ಆರು ಕ್ಯೂಬುಗಳನ್ನೂ ತೋಯ್ದ ಗೋಣಿಯಲ್ಲಿ ಸುತ್ತಿ, ಒಂದೊಂದನ್ನೇ ಹಸುಗೂಸಿನಂತೆ ಎದೆಗೊತ್ತಿಕೊಂಡು ತಂದ. ತೊಟ್ಟಿಗೆ ಮಣ್ಣು ಬೀಳಬಾರದೆಂದು ಚಪ್ಪಲಿ ದೂರ ಬಿಟ್ಟ. ಕೈ ತೊಳೆದುಕೊಂಡ. ಒಂದೊಂದನ್ನು ನೀರಿಗಿಳಿಸುವಾಗಲೂ ಅದರ ನಂಬರನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡ. ಆಮೇಲೆ ತೊಟ್ಟಿಯ ಸುತ್ತ ಒಂದು ಸುತ್ತು ಬಂದು, ಸೋರುತ್ತಿದೆಯೇ ಎಂದು ಬಗ್ಗಿ ನೋಡಿದ. ಜಗುಲಿಯ ಮೇಲಿಂದ ಬಕ್ಕಪ್ಪನ ಹೆಂಡತಿ ಸತ್ಯಮ್ಮ ಇದನ್ನೆಲ್ಲ ರೆಪ್ಪೆ ಹೊಡೆಯದೆ ನೋಡಿದಳು.

"ಎಷ್ಟ್ ದಿನ ಮುಳುಗಿರಬೇಕ್ರಿ ಯಪ್ಪಾ?"

"ಇಪ್ಪತ್ತೆಂಟು ದಿನ ಅವ್ವಾ. ಒಂದ್ ದಿನ ತಲಿ ಹೊರಗ ಬಂದ್ರೂ ಎಲ್ಲಾ ಕೆಡ್ತದ."

"ಹೊಲಸು ಕೈ ಹಚ್ಚಬಾರದಲ್ಲ?"

"ಯಾರೂ ಹಚ್ಚಬಾರದು. ಕುಡಿಯೋ ನೀರೇ ಆಗಬೇಕು."

ಸತ್ಯಮ್ಮನಿಗೆ ಎಲ್ಲ ತಿಳಿದುಹೋಯಿತು. ಮಳೆ ಕೈಕೊಟ್ಟ ವರ್ಷ ಮಹಾದೇವನ ಗುಡಿಯೊಳಗೆ ನೀರು ತುಂಬಿ, ಲಿಂಗವನ್ನು ಮುಳುಗಿಸಿ ಬಾಗಿಲು ಹಾಕುವುದು ಆ ಊರಿನ ಪದ್ಧತಿ. ಉಸಿರು ಕಟ್ಟಿದರೆ ಶಿವ ತಾನೇ ಮಳೆಯನ್ನು ಕರೆಯುತ್ತಾನೆ ಎಂದು ನಂಬಿಕೆ. ಈ ಸಲ ಮುಳುಗಿಸಲು ನೀರಿಲ್ಲದೆ ಶಿವನನ್ನು ಒಣಗಲು ಬಿಟ್ಟಿದ್ದರು, ಅದಕ್ಕಾಗಿ ಊರಿಗೆ ಒಳಗೊಳಗೇ ಅಳುಕಿತ್ತು. ಈಗ ನೋಡಿದರೆ ಬೀದರಿನಿಂದ ಸರ್ಕಾರದ ಮನುಷ್ಯನೇ ಬಂದು ಚಪ್ಪಲಿ ಕಳೆದು, ಮಂತ್ರ ಹೇಳಿ, ಆರು ಕಲ್ಲು ಮುಳುಗಿಸಿ, ಪ್ರದಕ್ಷಿಣೆ ಹಾಕಿ ಹೋದ! "ಸರಕಾರಕ್ಕ ಈಗ ಬುದ್ಧಿ ಬಂತು ನೋಡು" ಎಂದಳು ಗಂಡನಿಗೆ.

ಎರಡು ದಿನ ಬಿಟ್ಟು ಮಚ್ಛೇಂದ್ರ ಬಂದಾಗ ಕ್ಯೂಬುಗಳ ಮೇಲೆ ಅರಿಶಿನವಿತ್ತು, ಕುಂಕುಮವಿತ್ತು, ನೀರಿನಲ್ಲಿ ಬಿಲ್ವಪತ್ರೆ ತೇಲುತ್ತಿತ್ತು. ಹತ್ತಾರು ಹೆಂಗಸರು ಕೈಮುಗಿದು ನಿಂತಿದ್ದರು. ಅವನು ಹೌಹಾರಿದ.

"ಇವು ದೇವರಲ್ರೀ! ಸಿಮೆಂಟು, ಉಸುಕು, ಖಡಿ! ನಾನೇ ಅಚ್ಚಿನ್ಯಾಗ ತುಂಬೀನಿ!"

"ಹೌದ್ರಿ" ಎಂದರು ಅವರು ಭಕ್ತಿಯಿಂದ.

"ನಾ ದೇವರನ್ನ ನಂಬೋನೇ ಅಲ್ಲ. ನಾವು ಬೌದ್ಧರು. ನಮ್ಮ ಮನ್ಯಾಗ ಬುದ್ಧ, ಬಾಬಾಸಾಹೇಬ ಬಿಟ್ರ ಇನ್ನೊಂದು ಫೋಟೋ ಇಲ್ಲ."

"ಸರಕಾರಿ ಮಂದಿ ಬಾಯಿ ಬಿಡಬಾರದಂತ ಹುಕುಂ ಇರ್ತದ, ನಮಗ ತಿಳೀತದ್ರಿ" ಎಂದಳು ಸತ್ಯಮ್ಮ. ಕಣ್ಣು ಮಿಟುಕಿಸಿದಳು ಕೂಡ.

"ಅರಿಶಿಣ ಹಾಕಬ್ಯಾಡ್ರಿ! ನೀರು ಕೆಡ್ತದ!" ಎಂದು ಕೊನೆಗೆ ಅವನು ಕೂಗಿದ. ಅದನ್ನು ಮಾತ್ರ ಎಲ್ಲರೂ ತಕ್ಷಣ ಪಾಲಿಸಿದರು. ಈ ದೇವರಿಗೆ ಬರೀ ನೀರು ಬೇಕು, ಬೇರೆ ಏನೂ ಆಗಿಬರುವುದಿಲ್ಲ ಎಂದು ಅಂದೇ ಊರೆಲ್ಲ ಗೊತ್ತಾಯಿತು.

ಅವನಿಗೆ ಸಿಟ್ಟೂ ಬಂತು, ನಗುವೂ ಬಂತು, ಇನ್ನೊಂದು ಕೂಡ ಬಂತು. ಅವನ ಅಜ್ಜ ಇದೇ ಔರಾದ ತಾಲೂಕಿನವನು. ಇಂಥದೇ ಊರಿನ ಇಂಥದೇ ತೊಟ್ಟಿಯಿಂದ ದೂರ ನಿಂತು, ಯಾರಾದರೂ ಮೇಲಿಂದ ಬೊಗಸೆಗೆ ನೀರು ಸುರಿಯಲಿ ಎಂದು ಕಾಯುತ್ತಿದ್ದನಂತೆ. ಈಗ ಮೊಮ್ಮಗ ಕೈ ಅದ್ದಿದ ತೊಟ್ಟಿಯ ನೀರನ್ನು ಮುದುಕಿಯೊಬ್ಬಳು ಕಣ್ಣಿಗೊತ್ತಿಕೊಂಡಳು. ಅವನಿಗೆ ಇದನ್ನು ಅಜ್ಜ ನೋಡಬೇಕಿತ್ತು ಅನ್ನಿಸಿತು. ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದ ಎಂದೂ ಅನ್ನಿಸಿತು.

ಆ ವಾರವೇ ಗುತ್ತೇದಾರನ ಟ್ಯಾಂಕರು ಬರುವುದು ನಿಂತಿತು. ಕೇಳಿದರೆ "ಡೀಸೆಲ್ ಇಲ್ಲ" ಎಂದರು. ಬಿಸಿಲು ತೊಟ್ಟಿಯ ನೀರನ್ನು ದಿನಾ ಎರಡು ಬೆರಳು ಕುಡಿಯುತ್ತಿತ್ತು. ಆದರೂ ಮಚ್ಛೇಂದ್ರ ಪ್ರತಿಸಲ ಬಂದಾಗಲೂ ತೊಟ್ಟಿ ತುಂಬಿರುತ್ತಿತ್ತು. ಊರ ಕೊಳವೆಬಾವಿ ಒಂದು ಕೊಡ ತುಂಬಲು ಅರ್ಧ ತಾಸು ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ ಮನೆಗೊಂದು ತಂಬಿಗೆಯಂತೆ ತಂದು ಸುರಿಯುತ್ತಿದ್ದರು.

ಮನೋಹರ ಬಂದ ಕಥೆಯನ್ನು ಬಕ್ಕಪ್ಪ ತೊಡೆ ತಟ್ಟಿ ತಟ್ಟಿ ಹೇಳಿದ. ಒಂದು ಮಧ್ಯಾಹ್ನ ಅವನು ಇಬ್ಬರು ಆಳುಗಳನ್ನು ಕರೆದುಕೊಂಡು, ಜೀಪಿನಲ್ಲಿ ಗೋಣಿ ಮುಚ್ಚಿದ ಬೇರೆ ಆರು ಕಲ್ಲುಗಳೊಂದಿಗೆ ಬಂದನಂತೆ. "ಇವನ್ನ ಒಯ್ತೇವು, ಅವನ್ನ ಇಡ್ತೇವು" ಎಂದನಂತೆ. "ನಮ್ಮಾಕಿ ಬಿಡ್ತಾಳ ಏನ್ರಿ? ಊರ ಹೆಣ್ಮಕ್ಕಳೆಲ್ಲ ಕೂಡಿಬಿಟ್ರು. ಚಪ್ಲಿ ಕಳಿ ಅಂದ್ಳು, ಕಳದ. ಐದ್ ಸುತ್ತ ಹಾಕು ಅಂದ್ಳು, ಹಾಕಿದ. ಬರೀ ಕೈಲೆ ಬಂದಿ ಏನು, ನೀರ ಹಾಕು ಅಂದ್ಳು. ಜೀಪಿನ್ಯಾಗಿಂದು ಬಾಟ್ಲಿ ನೀರ ತಂದು ಸುರದ ನೋಡ್ರಿ. ಟಾಕಿ ತುಂಬಿ ಚೆಲ್ಲಿ ಅವನ ಪ್ಯಾಂಟ್ ತೋಯ್ತು. ಕೈಮುಗದು ಓಡಿಹೋದ!"

ಮಚ್ಛೇಂದ್ರ ನಕ್ಕ. ಆದರೆ ಬೀದರಿಗೆ ಬರುವ ಬಸ್ಸಿನಲ್ಲಿ ಅವನ ನಗು ಆರಿತು. ಒಂದು ಮುಷ್ಟಿ ಉಸುಕಿನಲ್ಲಿ ಚೂರು ಮಣ್ಣು ಬೆರೆತರೆ ಬೀಗರ ಮನೆಯ ನೀರನ್ನು ಹಾಳು ಮಾಡುವ ಮನುಷ್ಯ ತಾನು. ಈಗ ತನ್ನ ತೊಟ್ಟಿಯಲ್ಲಿ ತಂಬಿಗೆಗಟ್ಟಲೆ ಸುಳ್ಳು ಬೆರೆಯುತ್ತಿದೆ, ಸುಮ್ಮನಿದ್ದೇನೆ. ಬಾಯಾರಿದ ಜನ ತಮ್ಮ ಕುಡಿಯುವ ನೀರನ್ನು ಮಳೆ ಬರುತ್ತದೆಂದು ಸಿಮೆಂಟಿಗೆ ಸುರಿಯುತ್ತಿದ್ದಾರೆ. ನಿಜ ಹೇಳಿದರೆ ನೀರು ನಿಲ್ಲುತ್ತದೆ, ಕ್ಯೂಬು ಒಣಗುತ್ತವೆ, ಕೆಟ್ಟ ಪೂಲು ಪಾಸಾಗುತ್ತದೆ. ಹೇಳದಿದ್ದರೆ ಮೋಸ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಕೌಸಲ್ಯಾಬಾಯಿ ಜೋಳದ ಹಿಟ್ಟು ನಾದುತ್ತಿದ್ದಳು. "ನೀವು ಮೊದಲು ಒಮ್ಮೆ ಹೇಳೀರಲ್ಲ?"

"ಹೇಳೀನಿ. ಯಾರೂ ನಂಬಲಿಲ್ಲ."

"ಅದು ಹೇಳಿದ್ದಲ್ರಿ, ಚೀರಿದ್ದು. ಕುಂತು ಹೇಳ್ರಿ. ಭಾಲ್ಕ್ಯಾಗ ಮಾಸ್ತರ್ರಿಗಿ ಹೇಳಿದಂಗ. ಅಲ್ಲೂ ಸಂಬಂಧ ಮುರೀತದಂತ ಗೊತ್ತಿದ್ದೂ ಹೇಳಿರಲ್ಲ?"

ಮರುದಿನ ಬೋರವಾಡಿಯಲ್ಲಿ ಅವನು ಊರವರನ್ನು ತೊಟ್ಟಿಯ ಸುತ್ತ ಕೂರಿಸಿ, ತಾನೂ ನೆಲದ ಮೇಲೆ ಕೂತು ಹೇಳಿದ. ಇವು ಪೂಲಿನ ಕಾಂಕ್ರೀಟಿನ ತುಂಡುಗಳು, ಇವನ್ನು ಬೀದರಿನಲ್ಲಿ ಯಂತ್ರಕ್ಕಿಟ್ಟು ಒಡೆಯುತ್ತೇವೆ, ಎಷ್ಟು ಗಟ್ಟಿ ಎಂದು ನೋಡುತ್ತೇವೆ ಎಂದು ಹೇಳಿದ. "ಇವು ಮಳೀ ತರಲ್ಲ. ನಿಮ್ಮ ಕುಡಿಯೋ ನೀರು ಇದಕ್ಕ ಹಾಕ್ರಿ ಅಂತ ನಾ ಹ್ಯಾಂಗ ಹೇಳಲಿ? ಇಷ್ಟ್ ದಿನ ಬಾಯಿ ಮುಚ್ಚಿ ಕುಂತೆ, ಅದು ನನ್ನ ತಪ್ಪು" ಎಂದ.

ಬಕ್ಕಪ್ಪ ತಂಬಾಕು ಉಗುಳಿ ಬಂದು ಕೇಳಿದ. "ಅಂದ್ರ ನಿಮ್ಮ ದೇವರನ್ನ ಒಡದು ನೋಡ್ತೀರಿ, ಖರೆ ಅದನೋ ಇಲ್ಲೋ ಅಂತ?"

"ಹೌದು ಕಾಕಾ."

"ಭಾರಿ ಅದ ನಿಮ್ಮದು. ನಾವು ಹಂಗ ನೋಡೇ ಇಲ್ಲ" ಎಂದ ಬಕ್ಕಪ್ಪ.

ಯಾರೂ ನಗಲಿಲ್ಲ. ಹೆಂಗಸರು ತಂದಿದ್ದ ತಂಬಿಗೆಗಳನ್ನು ಸುರಿಯದೆ ಸೆರಗಿನಡಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಎದ್ದುಹೋದರು. ಸತ್ಯಮ್ಮ ಅವನ ಕಡೆ ನೋಡದೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಆ ಬಾಗಿಲು ಮುಂದಾದದ್ದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಬೀದರಿಗೆ ಬಂದರೆ ಕಚೇರಿಯ ಇನ್ನೊಂದು ಕೆಲಸ ಕಾದಿತ್ತು. ಮೂರು ದಿನ ಬೋರವಾಡಿಗೆ ಹೋಗಲಾಗಲಿಲ್ಲ. ಈ ಮೂರು ದಿನ ಅವನು ಒಂದೇ ಒಂದು ಗೋಡೆಯನ್ನೂ ಬಡಿಯಲಿಲ್ಲ. ಕೌಸಲ್ಯಾಬಾಯಿಗೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ನಾಲ್ಕನೆಯ ದಿನ ಅವನು ಮೇಡಂಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಬಸ್ಸಿಳಿದು, ಒಣ ಹಳ್ಳ ದಾಟಿ ಬಕ್ಕಪ್ಪನ ಅಂಗಳಕ್ಕೆ ಬಂದ.

ತೊಟ್ಟಿ ಅಂಚಿನವರೆಗೆ ತುಂಬಿತ್ತು. ಹೂವಿಲ್ಲ, ಪತ್ರೆಯಿಲ್ಲ. ಆವಿಯಾಗದಿರಲೆಂದು ಮೇಲೆ ತೋಯ್ದ ಕಂಬಳಿ ಹೊದಿಸಿದ್ದರು. ಪಕ್ಕದಲ್ಲಿ ಸತ್ಯಮ್ಮ ಕೂತು ಕೊಡ ಬಗ್ಗಿಸುತ್ತಿದ್ದಳು. ತಂಬಿಗೆಯಲ್ಲ, ಕೊಡ.

ಮಚ್ಛೇಂದ್ರ ಕಂಬಳಿಯ ಅಂಚೆತ್ತಿ ನೋಡಿದ. "ಅವ್ವಾ, ನಾ ಹೇಳಿದ್ದು ತಿಳೀಲಿಲ್ಲೇನು? ಇವು ದೇವರಲ್ಲ..."

"ತಿಳೀತು ಯಪ್ಪಾ, ನಾ ಏನು ಮಬ್ಬ ಇದ್ದೀನೇನು?" ಎಂದಳು ಅವಳು ಸಿಡುಕಿನಿಂದ. "ಮೂರ್ ವರ್ಷದ ಹಿಂದ ಇದೇ ಹಳ್ಳ ಬಂದಾಗ ನನ್ನ ಸಣ್ಣ ಮಗ ದಾಟಾಕ ಹೋಗಿ ಹರಕೊಂಡು ಹೋಗತಿದ್ದ. ಜಾಲಿ ಗಿಡ ಸಿಕ್ತು, ಉಳದ. ನಾಳಿ ಮಳಿ ಬಂದ್ರ ನಮ್ಮ ಮಂದಿಯೆಲ್ಲ ಹೈದರಾಬಾದದಿಂದ ಇದೇ ಪೂಲಿನ ಮ್ಯಾಲ ಮನಿಗಿ ಬರೋರು. ಮಹಾದೇವಗ ಒಂದ್ ತಂಬಿಗಿ ಸಾಕು, ಅವ ನಮ್ಮವ, ತಿಳ್ಕೋತಾನ. ಇದಕ್ಕ ಕೊಡಾನೇ ಬೇಕು."

ಮಚ್ಛೇಂದ್ರ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಅವನಿಗೆ ಅಳು ಬಂತು, ಅತ್ತ. ಸತ್ಯಮ್ಮ ಸ್ವಲ್ಪ ಹೊತ್ತು ನೋಡಿ, "ಒಳಗ ಬೀಳಸಬ್ಯಾಡ್ರಿ, ಉಪ್ಪು ನೀರದು. ಕುಡಿಯೋ ನೀರೇ ಆಗಬೇಕಂತ ನೀವೇ ಹೇಳೀರಿ" ಎಂದಳು.

ಅವಧಿ ಮುಗಿದ ದಿನ ಕಚೇರಿಯ ಜೀಪು ತೆಗೆದುಕೊಂಡು ಡ್ರೈವರ್ ಲಾಲ ಅಹ್ಮದ ಬಂದ. ಆರು ಕ್ಯೂಬಿಗೆಂದು ಬಂದ ಜೀಪಿಗೆ ಒಂಬತ್ತು ಮಂದಿ ಹತ್ತಿದರು. ಸತ್ಯಮ್ಮ ಒಂದು ಕ್ಯೂಬನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು. "ಮಚ್ಛೇಂದ್ರಣ್ಣಾ, ಇದು ಬರಾತ್ ಹೊಂಟದೋ, ಮಯ್ಯತ್ ಹೊಂಟದೋ ಒಂದ್ ಹೇಳು. ಅದರಂಗ ಗಾಡಿ ಹೊಡೀತೇನಿ" ಎಂದ ಲಾಲ ಅಹ್ಮದ. ಮದುವೆಯ ದಿಬ್ಬಣವೋ, ಶವಯಾತ್ರೆಯೋ ಮಚ್ಛೇಂದ್ರನಿಗೂ ಗೊತ್ತಿರಲಿಲ್ಲ.

ಪರೀಕ್ಷಾ ಕೋಣೆಯಲ್ಲಿ ಅನುಸೂಯಾ ಮೇಡಂ, ಮನೋಹರ ಇದ್ದರು. ಮೊದಲ ಕ್ಯೂಬನ್ನು ಯಂತ್ರದಲ್ಲಿಟ್ಟು ಒತ್ತಡ ಏರಿಸುತ್ತ ಹೋದರು. ಮುಳ್ಳು ಮೆಲ್ಲಗೆ ಹತ್ತಿತು. ಬೋರವಾಡಿಯವರು ಉಸಿರು ಹಿಡಿದು ನಿಂತರು. ಮುಳ್ಳು ಹೋಗಬೇಕಾದ ಅರ್ಧ ದಾರಿಯನ್ನು ಸ್ವಲ್ಪ ದಾಟಿತ್ತೋ ಇಲ್ಲವೋ, ಕ್ಯೂಬು ಫಟ್ ಎಂದು ಮೂಲೆ ಉದುರಿಸಿ ಒಡೆಯಿತು. ಎರಡನೆಯದೂ ಹಾಗೇ. ಆರೂ ಹಾಗೇ. ಮಚ್ಛೇಂದ್ರ ಚೂರನ್ನು ಬೆರಳಲ್ಲಿ ಉಜ್ಜಿದ, ಮಣ್ಣು ಅಂಟಿತು.

ಮನೋಹರ ಮೊದಲೇ ತಯಾರಾಗಿ ಬಂದಿದ್ದ. "ಮೇಡಂ, ಇದು ನಡಿಯಲ್ರಿ. ನಮ್ಮ ಟ್ಯಾಂಕರು ನಿಂತು ಭಾಳ ದಿನ ಆತು. ಆ ಊರಾಗ ಕುಡಿಯಾಕೇ ನೀರಿಲ್ಲ, ಈ ಕ್ಯೂಬು ಒಣಗಿಯೇ ಒಡದಾವ. ಟಾಕಿಯಾಗ ನೀರಿತ್ತಂತ ನೋಡಿದವರು ಯಾರು?"

"ನೀ!" ಎಂದಳು ಸತ್ಯಮ್ಮ.

ಎಲ್ಲರೂ ತಿರುಗಿದರು. "ನೀನೇ ನೋಡೀದಿ ತಮ್ಮಾ. ಐದ್ ಸುತ್ತ ಹಾಕಿ ಬಾಟ್ಲಿ ನೀರ ನೀನೇ ಸುರದಿ. ಟಾಕಿ ತುಂಬಿ ಚೆಲ್ಲಿ ನಿನ್ನ ಪ್ಯಾಂಟ್ ತೋಯ್ದಿತ್ತು, ನೆನಪಿಲ್ಲೇನು? ತುಂಬಿದ್ದಿಲ್ಲಂದ್ರ ಹ್ಯಾಂಗ ಚೆಲ್ತು?"

ಮನೋಹರ ಕಪ್ಪು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಹೇಳುವಂತಿರಲಿಲ್ಲ. "ಕೈ ಮುಗದಿಯಲ್ಲೋ, ಸುಳ್ಳ ಹೇಳ್ತಿ?" ಎಂದು ಬಕ್ಕಪ್ಪ ಹಿಂದಿನಿಂದ ಸೇರಿಸಿದ. ಅನುಸೂಯಾ ಮೇಡಂ ಟೇಬಲ್ಲಿನ ಕಡೆ ತಿರುಗಿ ಬಗ್ಗಿ ಬರೆಯತೊಡಗಿದರು. ಅವರ ಭುಜ ಅಲುಗುತ್ತಿತ್ತು, ನಗುತ್ತಿದ್ದರೆಂದು ಲಾಲ ಅಹ್ಮದ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಚಪ್ಪಡಿ ಒಡೆಸಿದರು. ಮೃಗಶಿರಾ ಮಳೆ ಹಿಡಿಯಿತು, ಹಳ್ಳ ಬಂತು. ದಾಟಲು ಪೂಲಿರಲಿಲ್ಲವಾದ್ದರಿಂದ ಆ ವರ್ಷವೂ ಊರು ಅತ್ತ, ಬಸ್ಸು ಇತ್ತ. ಊರವರು ಮಚ್ಛೇಂದ್ರನನ್ನು ಬೈದುಕೊಂಡರು, ಬೈಯುತ್ತಲೇ ಕಾದರು. ಮಳೆ ಬಂದದ್ದು ಆರು ಕಲ್ಲುಗಳಿಂದಲೇ ಎಂದು ಒಂದಿಬ್ಬರು ಮುದುಕಿಯರು ಪಟ್ಟು ಹಿಡಿದರು. ಅವರೊಡನೆ ವಾದಿಸಲು ಮಚ್ಛೇಂದ್ರ ಎರಡು ಸಲ ಹೋಗಿ ಎರಡು ಸಲವೂ ಸೋತು ಬಂದ.

ದೀಪಾವಳಿ ಕಳೆದು ಕೆಲಸ ಮತ್ತೆ ಶುರುವಾದಾಗ ಗುತ್ತೇದಾರನಿಗೆ ಆಳು ಬೇಕಾದರು. ಸತ್ಯಮ್ಮ ಹೈದರಾಬಾದಿಗೆ ಫೋನು ಹಚ್ಚಿಸಿ ಮಕ್ಕಳನ್ನು ಕರೆಸಿದಳು. ಚಪ್ಪಡಿ ಹಾಕುವ ದಿನ ಮಚ್ಛೇಂದ್ರ ಹೋಗಿ ನೋಡಿದರೆ ಉಸುಕಿನ ರಾಶಿಯ ಪಕ್ಕ ಸತ್ಯಮ್ಮ ಒಂದು ಗಾಜಿನ ಲೋಟ ಎದುರಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಮನೋಹರ ಬಿಸಿಲಲ್ಲಿ ನಿಂತಿದ್ದ. "ಒಂದ್ ತಾಸು ತಡಿ" ಎಂದು ಅವನಿಗೆ ಹೇಳುತ್ತಿದ್ದಳು.

ಬೀದರಿನ ತೊಟ್ಟಿಯಲ್ಲಿ ಈಗ ಬೇಕಾದಷ್ಟು ನೀರಿತ್ತು. ಆದರೂ ಮಚ್ಛೇಂದ್ರ ಹೊಸ ಕ್ಯೂಬುಗಳನ್ನು ಬಕ್ಕಪ್ಪನ ಅಂಗಳಕ್ಕೇ ತಂದ. ಸತ್ಯಮ್ಮನ ಸಣ್ಣ ಮಗ ಅವನ್ನು ಗೋಣಿಯಲ್ಲಿ ಹೊತ್ತು ತಂದು ಒಂದೊಂದಾಗಿ ಕೈಗೆ ಕೊಡಲು ನಿಂತ. ಮಚ್ಛೇಂದ್ರ ಚಪ್ಪಲಿ ದೂರ ಬಿಟ್ಟು, ಕೈ ತೊಳೆದುಕೊಂಡು ಬಂದ.

"ಯಾಕ್ರಿ ಸಾಹೇಬ್ರ, ದೇವರಲ್ಲಂದ್ರಿ, ಮತ್ತ ಚಪ್ಲಿ ಕಳದೀರಿ?" ಎಂದು ಬಕ್ಕಪ್ಪ ಕಾಲೆಳೆದ.

"ಮಣ್ಣು ಬೀಳ್ತದ ಕಾಕಾ."

"ನಾವೂ ಅದಕ್ಕೇ ಕಳದೇವು" ಎಂದಳು ಸತ್ಯಮ್ಮ. ನೋಡಿದರೆ ಅಂಗಳದ ತುದಿಯಲ್ಲಿ ಊರವರದೆಲ್ಲ ಚಪ್ಪಲಿ ಸಾಲಾಗಿದ್ದವು. ಮಚ್ಛೇಂದ್ರ ನಂಬರು ಹೇಳಿಕೊಂಡು, ಮೊದಲನೆಯ ಕ್ಯೂಬನ್ನು ನೀರಿಗಿಳಿಸಿದ.